ಲೋಕಲ್ ಐಡಿ ನಡೆಯಲ್ಲ

ಆಧಾರ್ ಕಾರ್ಡನ್ನು ಹಿಂದಕ್ಕೆ ತಳ್ಳಿ ಐಜೋಲಿನ ಹುಡುಗ
ತಡೆತಡೆದು, ಆದರೂ ಕನ್ನಡದಲ್ಲೇ ಹೇಳಿದ:
‘ಲೋಕಲ್ ಐಡಿ ನಡೆಯಲ್ಲ ಆಂಟಿ. ರೂಲ್ಸು.’

ರಾಜಾಜಿನಗರದಿಂದ ಹಲಸೂರಿಗೆ
ಒಂದು ಮೆಟ್ರೊ ಬದಲಾಯಿಸಿ ಬಂದವಳು.
ಬೆನ್ನ ಮೇಲೆ ಅಕ್ಕನ ಮಗನ ಎನ್‌ಸಿಸಿ ಚೀಲ,
ಒಳಗೆ ಮೂರು ಚೂಡಿದಾರ, ಮಂಡಿನೋವಿನ ಎಣ್ಣೆ,
ಒಂದು ಪಾಸ್‌ಪೋರ್ಟು.
ಹಿರಿಯೂರಿನ ಹೈಸ್ಕೂಲಲ್ಲಿದ್ದಾಗ ಮಾಡಿಸಿದ್ದು.
ಟೀಚರುಗಳೆಲ್ಲ ಸಿಂಗಪುರಕ್ಕೆ ಹೊರಟಿದ್ದೆವು.
ಹೊರಡಲಿಲ್ಲ.
ಮೂವತ್ತಾರು ಪುಟ, ಒಂದಕ್ಕೂ ಮುದ್ರೆ ಬಿದ್ದಿಲ್ಲ,
ಅವಧಿ ಮುಗಿಯಲು ಇನ್ನು ಒಂಬತ್ತು ದಿನ.

‘ಹಿರಿಯೂರು ಎಲ್ಲಿದೆ?’
‘ದೂರ,’ ಎಂದೆ.
ಈ ಹತ್ತು ವರ್ಷದಲ್ಲಿ ಆ ಪುಸ್ತಕ ತೆರೆದು
ನನ್ನ ಮುಖಕ್ಕೂ ಅದಕ್ಕೂ ತಾಳೆ ನೋಡಿದವನು
ಅವನೊಬ್ಬನೇ.
ಹೀಗೆ ನಾನು ಹುಟ್ಟಿದೂರಿಗೆ ಬಂದಿಳಿದೆ.

ಆರನೇ ನಂಬರಿನ ಮಂಚ, ಮೇಲಿನದು.
ಏಣಿಯ ಮೂರನೇ ಮೆಟ್ಟಿಲಲ್ಲಿ ಮಂಡಿ
ಅಮ್ಮನ ದನಿಯಲ್ಲಿ ಬೈಯಿತು: ಪರದೇಶಿ ಥರ ಎಲ್ಲಿ ಅಲೀತೀಯೇ.
ಕೆಳಗೆ ಮಲಗಿದ್ದವಳು ಎದ್ದು, ಏನೂ ಕೇಳದೆ,
ನನ್ನ ಹಿಮ್ಮಡಿ ಹಿಡಿದು ಮೇಲೆತ್ತಿದಳು.
ನಾತಿಯಾ. ಜಾರ್ಜಿಯಾದವಳು. ಕುತೈಸಿ.
‘ರಿಯೋನಿ ನದಿಯ ದಂಡೆ,’ ಎಂದೆ ಮೇಲಿನಿಂದ.
ಕತ್ತಲಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ.
ಆಮೇಲೆ ಅವಳ ಭಾಷೆಯಲ್ಲಿ ಏನೋ ಅಂದಳು,
ನದಿಗೋ, ನನಗೋ.

ಮೂವತ್ತು ವರ್ಷ ಬರೆಸಿದ್ದೇನೆ:
ಉರುಗ್ವೆ, ರಾಜಧಾನಿ ಮಾಂಟೆವಿಡಿಯೊ, ರಫ್ತು ಉಣ್ಣೆ, ದನದ ಮಾಂಸ,
ರಾಜಧಾನಿಗೆ ಕೆಂಪು ಶಾಯಿಯಲ್ಲಿ ಅಡಿಗೆರೆ.
ಆ ಉರುಗ್ವೆ ಮಾರನೆ ಬೆಳಿಗ್ಗೆ ತಾರಸಿಯ ಮೇಲೆ
ಹರಕು ಬನಿಯನ್ನು ಒಣಹಾಕುತ್ತ ನಿಂತಿತ್ತು.
ಹೆಸರು ಫಕುಂದೊ. ವಾರಿಜ ಎಂದರೆ ‘ವಾರಿಹಾ’ ಎಂದ.
ತಿದ್ದುವುದು ನನ್ನ ಕಸುಬು.
ತಿದ್ದಲಿಲ್ಲ. ಮೂರು ದಿನ ಅವಳೇ ಆಗಿದ್ದೆ.

ಮಾರ್ಕೆಟ್ಟಿಗೆ ಬಸ್ಸು ಯಾವುದು ಎಂದು ಕೇಳಿದರು.
ಅಮೆಜಾನಿನ ಉಪನದಿಗಳನ್ನು ಕಣ್ಣುಮುಚ್ಚಿ ತೋರಿಸಬಲ್ಲ ಬೆರಳು
ಸುಮ್ಮನೆ ಗಾಳಿಯಲ್ಲಿ ನಿಂತಿತು.
ಫಕುಂದೊನ ಮೊಬೈಲಿಗೆ ಗೊತ್ತಿತ್ತು. ನಾನು ಹಿಂದೆ ನಡೆದೆ.
ಬಳೆಪೇಟೆ, ಅಕ್ಕಿಪೇಟೆ, ಹೆಸರು ಕೇಳಿದ್ದೆ ಅಷ್ಟೆ.
ಮೂಟೆ ಹೊತ್ತವರು ‘ಸೈಡು, ಸೈಡು’ ಎಂದು
ನಮ್ಮ ಮೂವರನ್ನೂ ಒಂದೇ ಥರ ಗೋಡೆಗೆ ಒತ್ತಿದರು.
ಕನಕಾಂಬರದವಳು ನನಗೂ ನಾಲ್ಕು ಬೆರಳೆತ್ತಿ ‘ಫಾರ್ಟಿ’ ಎಂದಳು.
ಮೂವತ್ತಕ್ಕೆ ಕೊಡಮ್ಮ ಅನ್ನಬೇಕಿತ್ತು.
ನಲವತ್ತು ಕೊಟ್ಟೆ. ‘ಥ್ಯಾಂಕ್ಯೂ’ ಎಂದೆ.

ನಿಂತು ತಿನ್ನುವ ಹೋಟೆಲಿನಲ್ಲಿ ಟೂ ಬೈ ತ್ರೀ ಹೇಳಿ
ನನ್ನೂರಿನ ಬಗ್ಗೆ ನನಗೆ ಖಚಿತವಾಗಿ ಗೊತ್ತಿದ್ದ ಒಂದನ್ನು ಕಲಿಸಿದೆ:
ಎರಡು ಕಾಫಿ, ಮೂರು ಲೋಟ,
ಬಿಲ್ಲು ಒಂದೇ, ಎಂಜಲು ಬೇರೆ ಬೇರೆ.

ಸಂಜೆ ಫಕುಂದೊ ಸೋರೆಬುರುಡೆಯೊಂದನ್ನು ತೆಗೆದ.
ಹಸಿರು ಪುಡಿ, ಬಿಸಿನೀರು, ಒಂದೇ ಒಂದು ಲೋಹದ ಕೊಳವೆ.
ತಾನು ಹೀರಿದ. ನೀರು ತುಂಬಿ ನಾತಿಯಾಗೆ ಕೊಟ್ಟ.
ಮತ್ತೆ ತುಂಬಿ ನನ್ನ ಮುಂದೆ ಹಿಡಿದ.
ನಮ್ಮನೆಯಲ್ಲಿ ಎತ್ತಿ ಕುಡಿಯುತ್ತೇವೆ,
ಲೋಟ ತುಟಿಗೆ ತಾಗಕೂಡದು.
ಗಂಡ ಬದುಕಿದ್ದಾಗ ಅವರ ಲೋಟವೂ ಅವರದೇ.
ಕೊಳವೆಯ ತುದಿ ಇಬ್ಬರ ಬಾಯಿಂದ ಬೆಚ್ಚಗಿತ್ತು.
ಒರೆಸಲು ದುಪಟ್ಟಾದ ಅಂಚು ಕೈಗೆ ಬಂದೇ ಬಂತು.
ಬಿಟ್ಟೆ.

ಕಹಿ. ಬೇವಿನದಲ್ಲ,
ಒಣಹುಲ್ಲು ನೆನೆಸಿಟ್ಟಂಥ ಕಹಿ.
‘ಸುತ್ತು ಬರುತ್ತಲೇ ಇರುತ್ತದೆ,’ ಎಂದ,
‘ಸಾಕಾದಾಗ ಮಾತ್ರ ಥ್ಯಾಂಕ್ಯೂ ಅನ್ನು.’
ಕೆರೆಯ ಕಡೆ ದೀಪ ಹತ್ತಿದವು. ನಾತಿಯಾ ಥ್ಯಾಂಕ್ಯೂ ಎಂದಳು.
ಐಜೋಲಿನ ಹುಡುಗನೂ ಪಾಳಿ ಮುಗಿಸಿ ಬಂದು ಒಂದು ಸುತ್ತು ಹೀರಿ ಹೋದ.
ನಾನು ಏನೂ ಅನ್ನಲಿಲ್ಲ,
ಬುರುಡೆಯೊಳಗೆ ಬರಿ ನೀರಷ್ಟೇ ಉಳಿಯುವವರೆಗೆ.

ಅವನು ಹಂಪಿಗೆ, ಅವಳು ಕೊಚ್ಚಿಗೆ.
ನಾನು ಅಕ್ಕನಿಗೆ ಮೈಸೂರಿಗೆಂದು ಹೇಳಿ ಬಂದಿದ್ದೆ,
ಮೆಜೆಸ್ಟಿಕ್ಕಿನಲ್ಲಿ ಇಳಿದು ಕಾಲು ಕೆಜಿ ಮೈಸೂರು ಪಾಕು ಕಟ್ಟಿಸಿದೆ.
ಅಕ್ಕ ಚೂರು ಮುರಿದು ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು:
‘ಏನೇ ಹೇಳು, ಆ ಊರಿಂದು ಆ ಊರಿಂದೇ.’
ಹೂಂ ಎಂದು ನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದೆ.
ಕಣ್ಣು ಬಿಟ್ಟಳು.
‘ಅದ್ಯಾಕೆ ಲೋಟ ಕಚ್ಚಿ ಕುಡೀತಿದೀಯ?’